ಬಾಣಬಿರುಸು ನೋಡಲು ಹೊರಡುವ ಮುನ್ನ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ರಥೋತ್ಸವ, ಊರಹಬ್ಬ ಎಂದರೆ ರಾತ್ರಿ ಬಾಣಬಿರುಸು ಇದ್ದರೇ ಕಳೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಹಾರಿಸಿ ಇಂಗ್ಲಿಷರನ್ನು ಬೆಚ್ಚಿಬೀಳಿಸಿತ್ತು. ಬಿರುಸು ಆಟದ ಸಾಮಾನಾದರೂ ಅದರೊಳಗಿರುವುದು ಮದ್ದೇ.

ಮನೆಮಂದಿಯೆಲ್ಲ ಹೊರಡುವಾಗ ಬುತ್ತಿಯ ಯೋಚನೆ ತಾಯಂದಿರಿಗೆ ತಾನಾಗಿ ಬರುತ್ತದೆ, ಅದನ್ನು ನಾನು ಹೇಳಬೇಕಾಗಿಲ್ಲ. ಬಟ್ಟೆಯ ಯೋಚನೆ ಬರುವುದು ಕಡಿಮೆ. ಹಬ್ಬವೆಂದು ಮಕ್ಕಳಿಗೆ ನೈಲಾನ್ ಲಂಗ, ಪಾಲಿಯೆಸ್ಟರ್ ಅಂಗಿ ತೊಡಿಸುತ್ತೇವೆ. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಬಟ್ಟೆಯೇ ಇರಲಿ, ಮೇಲೊಂದು ಸ್ವೆಟರ್, ಕುಲಾವಿ. ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿಬಂದವರಿಗೆ ಬಯಲಿನ ಚಳಿ ಎಂಥದೆಂದು ಗೊತ್ತು. ಮಗುವಿನ ಜೇಬಿನಲ್ಲಿ ಮನೆಯವರ ಫೋನ್ ನಂಬರು ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು, ಅರಳೀಕಟ್ಟೆಯೋ ಬಸ್ ನಿಲ್ದಾಣವೋ, ಬೆಳಕಿರುವಾಗಲೇ ತೋರಿಸಿಬಿಡಿ. ಕೈಗೂಸನ್ನು ಮಾತ್ರ ಅಜ್ಜಿಯ ಜೊತೆ ಮನೆಯಲ್ಲೇ ಬಿಡುವುದು ಮೇಲು.

ಎಲ್ಲಕ್ಕಿಂತ ಮುಖ್ಯ, ಕೂರುವ ಜಾಗ. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ನೂರಾರು ಜನ ಸೇರಿದ್ದರು. ಸಿಡಿಸುತ್ತಿದ್ದ ಪಟಾಕಿಯ ಕಿಡಿ ಪಕ್ಕದಲ್ಲೇ ಮದ್ದು ಕೂಡಿಟ್ಟಿದ್ದ ಕೊಠಡಿಗೆ ಬಿತ್ತು. ನೂರಕ್ಕೂ ಹೆಚ್ಚು ಮಂದಿ ಸುಟ್ಟುಕೊಂಡರು, ಕೆಲವರು ಆಮೇಲೆ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಸುಮ್ಮನೆ ನಿಂತು ನೋಡುತ್ತಿದ್ದವರು. ಆದ್ದರಿಂದ ಹೋದೊಡನೆ ಮದ್ದು ಎಲ್ಲಿ ಇಟ್ಟಿದ್ದಾರೆ, ಎಲ್ಲಿ ಹಚ್ಚುತ್ತಾರೆ ಎಂದು ಕೇಳಿ. ಕೇಳುವುದಕ್ಕೆ ಸಂಕೋಚವೇಕೆ? ಎರಡೂ ಅಕ್ಕಪಕ್ಕದಲ್ಲಿದ್ದರೆ ದೂರ ಹೋಗಿ, ಇಲ್ಲವೇ ಮನೆಗೆ ಹೊರಡಿ.

ಗಾಳಿ ಬೆನ್ನಿಗಿರಲಿ. ಕಾರ್ತಿಕದಿಂದ ಪುಷ್ಯದವರೆಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂಡಣ ಗಾಳಿ. ಬಿರುಸು ಬಿಡುವ ಜಾಗಕ್ಕೆ ಪೂರ್ವದಲ್ಲಿ ಕೂತರೆ ಹೊಗೆ, ಕಿಡಿ ಅತ್ತ ಸರಿಯುತ್ತವೆ. ಒಂದು ಹಿಡಿ ಮಣ್ಣು ತೂರಿ ನೋಡಿ, ಕಣದಲ್ಲಿ ರಾಗಿ ತೂರಿದವರಿಗೆ ಇದು ಹೊಸದಲ್ಲ. ಅದೇ ಕಾಲಕ್ಕೆ ರಾಗಿಹುಲ್ಲಿನ ಬಣವೆಗಳೂ ಎದ್ದಿರುತ್ತವೆ, ಅವುಗಳ ಹತ್ತಿರ ಸುಳಿಯಬೇಡಿ. ಮನೆಯಲ್ಲಿ ದನಕರುಗಳನ್ನು ಕೊಟ್ಟಿಗೆಯೊಳಗೆ ಕಟ್ಟಿ ಬನ್ನಿ, ಸದ್ದಿಗೆ ಹಗ್ಗ ಕಿತ್ತುಕೊಂಡು ಓಡುತ್ತವೆ.

ದೂರವನ್ನು ಮಕ್ಕಳೇ ಅಳೆಯಬಲ್ಲರು. ಬೆಳಕು ಕಂಡ ಕೂಡಲೇ ಎಣಿಸಲಿ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಬರುತ್ತದೆ. ಬೆಳಕು, ಸದ್ದು ಎರಡೂ ಒಟ್ಟಿಗೇ ಬಂದರೆ ನೀವು ತೀರಾ ಹತ್ತಿರ ಕೂತಿದ್ದೀರಿ.

ಇಷ್ಟಾದರೂ ಕಿಡಿ ತಾಕಿತೆನ್ನಿ. ಸುಟ್ಟ ಜಾಗಕ್ಕೆ ಇಂಕು, ಟೂತ್‌ಪೇಸ್ಟ್, ಬೆಣ್ಣೆ ಬೇಡ. 20 ನಿಮಿಷ ತಣ್ಣೀರು ಹುಯ್ಯಿರಿ, ಅದಕ್ಕಾಗಿ ಒಂದು ಕ್ಯಾನ್ ನೀರು ಜೊತೆಗಿರಲಿ. ಕಣ್ಣಿಗೆ ಪೆಟ್ಟಾಗಿದ್ದರೆ ಉಜ್ಜಬಾರದು, ಒತ್ತಬಾರದು. ಒತ್ತದ ಹಾಗೆ ಕಾಗದದ ಲೋಟವೊಂದನ್ನು ಮುಚ್ಚಿ ತಕ್ಷಣ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ದೀಪಾವಳಿಯಲ್ಲಿ ಬರುವವರಲ್ಲಿ ಪಟಾಕಿ ಮುಟ್ಟದೆ ನಿಂತು ನೋಡಿದವರೂ ಇರುತ್ತಾರೆ.

ಮರುದಿನ ಬೆಳಿಗ್ಗೆ ಮಕ್ಕಳು ಸಿಡಿಯದೆ ಉಳಿದ ಬಿರುಸು ಆಯಲು ಆ ಬಯಲಿಗೆ ಓಡುತ್ತಾರೆ. ಅಂದು ಅವರನ್ನು ಅತ್ತ ಬಿಡಬೇಡಿ.