ಹೊಳೆಯ ಪಾವಿತ್ರ್ಯ ಎಲ್ಲಿದೆ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೋದ ಸಂಕ್ರಾಂತಿಗೆ ಕೂಡಲಸಂಗಮಕ್ಕೆ ಹೋಗಿದ್ದೆ. ದಂಡೆಯಲ್ಲಿ ಒಬ್ಬ ತಾಯಿ ಮೊಮ್ಮಗನ ತಲೆಗೆ ಮೂರು ಬೊಗಸೆ ನೀರು ಹಾಕಿ, 'ಪಾಪ ಎಲ್ಲಾ ಹೋತು ನೋಡಪಾ' ಎಂದರು. ಹುಡುಗ ಕೇಳಿದ: 'ನಾ ಏನ್ ಪಾಪ ಮಾಡೀನಿ ಆಯಿ?' ಆಕೆ ನಕ್ಕಳು, ನಾನೂ ನಕ್ಕೆ. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು.

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯನ್ನು ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡುವ ಜಾಗ ಅದು. ಇಂದು ಅಲ್ಲಿ ನಾವು ಕಾಣುವುದು ಬಹುಮಟ್ಟಿಗೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಆ ಜಲಾಶಯದ ಹೆಸರೇ ಬಸವಸಾಗರ. ಅದೇ ನೀರಿನಿಂದ ಬಸವಣ್ಣನವರ ಐಕ್ಯಸ್ಥಳವನ್ನು ಉಳಿಸಲು ಸುತ್ತ ಗೋಡೆ ಕಟ್ಟಬೇಕಾಯಿತು. ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ. ಹಾಗಾದರೆ ಅಲ್ಲಿಯ ಪಾವಿತ್ರ್ಯ ನೀರಿನದೋ, ಅಲ್ಲಿ ಬಾಳಿದವರದೋ?

ಹೊಳೆಗೆ ಕೈಮುಗಿಯಬೇಡಿ ಎನ್ನುತ್ತಿಲ್ಲ. ಅದರ ನೀರಿನಿಂದ ಬೆಳೆದು ಉಂಡವರು ಕೈಮುಗಿದರೆ ಅದು ಕೃತಜ್ಞತೆ. ಮುಳುಗಿದರೆ ಪಾಪ ಹೋಗುತ್ತದೆಂಬುದನ್ನು ಬಸವಾದಿ ಶರಣರು ಒಪ್ಪಲಿಲ್ಲ, ಅಷ್ಟೇ. ಆದರೆ ಅವರು ಹೊಳೆಯಿಂದ ದೂರ ಇದ್ದವರೂ ಅಲ್ಲ. ಅಂಬಿಗರ ಚೌಡಯ್ಯನವರ ಕಾಯಕವೇ ದೋಣಿ ದಾಟಿಸುವುದು. ಮಡಿವಾಳ ಮಾಚಿದೇವರು ನೀರಿಗಿಳಿದದ್ದು ಪುಣ್ಯಕ್ಕಲ್ಲ, ಭಕ್ತರ ಬಟ್ಟೆ ಒಗೆಯಲು.

ಈಗ ನನ್ನ ಊರಿನ ಮಾತು. ನಾನು ಹುಡುಗನಾಗಿದ್ದಾಗ ನಮ್ಮೂರ ಹೊಳೆಗೆ ಇಳಿಯಲು ಎರಡು ದಾರಿ. ಮೇಲಿನದು ನಮ್ಮದು, ಕೆಳಗಿನದು ಕೇರಿಯವರದು. ನಾವು ಎಮ್ಮೆ ತೊಳೆದ ನೀರು ಹರಿದು ಅವರ ಕೊಡಕ್ಕೆ ಹೋಗುತ್ತಿತ್ತು. ಕೊರಳಲ್ಲಿ ಇಷ್ಟಲಿಂಗ ಇದ್ದವರು ನಾವು! 1927ರಲ್ಲಿ ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರು ಕುಡಿದ ಮೇಲೆ ಅಲ್ಲಿಯ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರಂತೆ ಎಂದು ಓದಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಎರಡು ದಾರಿ ನೆನಪಾದದ್ದು ಎಷ್ಟೋ ದಿನದ ಮೇಲೆ.

ಆ ದಾರಿಗಳನ್ನು ಒಂದು ಮಾಡಿದ್ದು ನಮ್ಮ ಪ್ರವಚನವಲ್ಲ. ಹಿನ್ನೀರು ಬಂದು ಎರಡನ್ನೂ ಮುಳುಗಿಸಿತು. ಹೊಸ ಊರಿನಲ್ಲಿ ಎಲ್ಲರಿಗೂ ನಳ ಬಂದಿದೆ. ಆದರೂ ನಮ್ಮ ಓಣಿಯ ನಳ ನಿಂತ ದಿನ ನಮ್ಮವರು ಮೈಲಿ ನಡೆದು ತೋಟದ ಬಾವಿಗೆ ಹೋಗುತ್ತಾರೆಯೇ ಹೊರತು ಕೇರಿಯ ನಳಕ್ಕೆ ಕೊಡ ಇಡುವುದಿಲ್ಲ.

ಮುಂದಿನ ತಿಂಗಳ ಗೋಷ್ಠಿ ಆ ಕೇರಿಯಲ್ಲೇ ಆಗಲಿ, ಅಲ್ಲಿಯ ನಳದ ನೀರಿನಲ್ಲೇ ಪ್ರಸಾದ ತಯಾರಾಗಲಿ ಎಂದು ಪೂಜ್ಯರಲ್ಲಿ ಬಿನ್ನವಿಸಿದ್ದೆ. ಒಪ್ಪಿದ್ದಾರೆ. ಕೇರಿಯ ಹಿರಿಯರೂ ಬನ್ನಿ ಎಂದಿದ್ದಾರೆ. ಅಡುಗೆಗೆ ಕೈ ಹಚ್ಚುವವರು ಇಂದೇ ಹೆಸರು ಹೇಳಿ ಹೋಗಿರಿ.