ಮೂರು ನಿಮಿಷದ ಸಂಗೀತ



ಕಲಾವಿದನು ಸ್ವತಂತ್ರನಾಗಿರಬೇಕೆಂದು ನಾವೆಲ್ಲರೂ ಹೇಳುವೆವು. ಆದರೆ ಅವನಿಗೂ ಹಸಿವೆಯುಂಟು, ಸಂಸಾರವುಂಟು. ಹಿಂದೆ ಅರಸರು ಅವನನ್ನು ಸಲಹುತ್ತಿದ್ದರು. ಬಳಿಕ ಪೇಟೆಯ ಗಿರಾಕಿಯು ಆ ಸ್ಥಾನಕ್ಕೆ ಬಂದನು. ಅನ್ನವಿಕ್ಕುವವರ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕು? ಅರಮನೆ ಅಂಗಡಿಗಳೆರಡನ್ನೂ ಕಂಡಿದ್ದ ಗೌಹರ್ ಜಾನಳ ಬಾಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

1873ರಲ್ಲಿ ಆಜಂಗಢದಲ್ಲಿ ಜನಿಸಿದ ಈಕೆ ಕಲ್ಕತ್ತೆಯಲ್ಲಿ ಪ್ರಖ್ಯಾತಳಾದಳು. 1902ರಲ್ಲಿ ಗ್ರಾಮಫೋನು ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಅಲ್ಲಿಗೆ ಬಂದು ಆಕೆಯ ಗಾನವನ್ನು ಮುದ್ರಿಸಿಕೊಂಡನು. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ಕಹಳೆಯಂಥ ಕೊಳವೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು; ಆ ನಾದವನ್ನು ಸೂಜಿಯು ಮೇಣದ ಮೇಲೆ ಗೆರೆಯಾಗಿ ಕೊರೆಯುವುದು. ಇದಕ್ಕೆಲ್ಲ ಇದ್ದ ಅವಕಾಶ ಸುಮಾರು ಮೂರು ನಿಮಿಷ. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದಳು. ಜರ್ಮನಿಯಲ್ಲಿ ತಟ್ಟೆಗಳನ್ನು ಅಚ್ಚುಮಾಡುವವರಿಗೆ ಗುರುತು ಸಿಕ್ಕಲೆಂದು ಈ ಏರ್ಪಾಡು.

ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಅರಳುವ ರಾಗವು ಮೂರು ನಿಮಿಷದಲ್ಲಿ ಅಡಗೀತೇ? ಇದು ವಿದ್ಯೆಗೆ ಅಪಚಾರವೆಂದು ಹಲವು ಉಸ್ತಾದರು ಒಲ್ಲೆವೆಂದರು. ಅವರ ಅಂಜಿಕೆ ನಿರಾಧಾರವಾದುದಲ್ಲ. ಸ್ವರಸ್ವರಗಳ ನಡುವಣ ಮೌನ, ವಿಲಂಬಿತದ ಗಾಂಭೀರ್ಯ, ರಸಿಕರ ತಲೆದೂಗಿಗೆ ಉತ್ತರವಾಗಿ ಹೊರಡುವ ಹೊಸ ಸಂಚಾರ, ಇವು ಆ ತಟ್ಟೆಯಲ್ಲಿ ಹಿಡಿಯುವುವಲ್ಲ.

ಗೌಹರ್ ಜಾನಳಾದರೋ ಬೇರೊಂದು ದಾರಿಯನ್ನು ಹಿಡಿದಳು. ವಿಸ್ತಾರವನ್ನು ಬಿಟ್ಟಳು, ರಾಗದ ಜೀವವನ್ನು ಬಿಡಲಿಲ್ಲ. ಮೊದಲ ಪಲುಕಿನಲ್ಲಿಯೇ ರಾಗದ ಮುಖವನ್ನು ತೋರಿ, ಚುರುಕಾದ ತಾನಗಳಿಂದ ಅದನ್ನು ತುಂಬಿ, ಅವಧಿ ತೀರುವ ಮುನ್ನ ಸಮಕ್ಕೆ ಬಂದು ನಿಂತಳು. ಶ್ರೀಮಂತರ ದಿವಾನಖಾನೆಯ ಹೊಸ್ತಿಲನ್ನು ತುಳಿಯಲಾರದವನೂ ಆ ಗಾನವನ್ನು ಕೇಳಿದನು. ಕಂಪೆನಿಯು ಕಾಲವನ್ನು ಕೇಳಿತು, ಆಕೆ ಕೊಟ್ಟಳು, ಕಲೆಯನ್ನು ಒಪ್ಪಿಸಲಿಲ್ಲ.

ಇಷ್ಟಾದರೂ ಪೇಟೆಯು ತಂದ ಕೀರ್ತಿ ಕಡೆಗಾಲಕ್ಕೆ ಆಸರೆಯಾಗಲಿಲ್ಲ. ಐಶ್ವರ್ಯವು ಕರಗಿದ ಬಳಿಕ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನವು ಆಕೆಗೆ ಆಶ್ರಯವನ್ನಿತ್ತಿತು. ಎರಡು ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು, ಆಕೆ ಮೈಸೂರಿನಲ್ಲಿ ಕಾಲವಾದಳು.

ಆದಕಾರಣ ಪೋಷಕನನ್ನಾಗಲಿ ವ್ಯಾಪಾರಿಯನ್ನಾಗಲಿ ಹಳಿದು ಫಲವಿಲ್ಲ. ಅಳತೆ, ಅವಧಿ, ಬೆಲೆ, ಇವುಗಳಲ್ಲಿ ಕಲಾವಿದನು ಬಾಗಬಹುದು. ತಾನು ಸುಳ್ಳೆಂದು ಬಲ್ಲ ಸ್ವರವನ್ನು ಮಾತ್ರ ಯಾರ ಮೆಚ್ಚಿಕೆಗಾಗಿಯೂ ನುಡಿಸಲಾಗದು. ಅರಸೊತ್ತಿಗೆಗಳು ಹೋದವು, ಗ್ರಾಮಫೋನಿನ ಕಾಲವೂ ಕಳೆಯಿತು. ಇಂದಿನ ಪೋಷಕರು ಕೇಳುವವರಾದ ನಾವೇ. ನಾವು ಮೂರು ನಿಮಿಷಕ್ಕೇ ಬೇಸತ್ತರೆ ವಿದ್ವಾಂಸನು ಅಷ್ಟನ್ನೇ ಹಾಡಿಯಾನು. ಆತನಿಂದ ಸ್ವಾತಂತ್ರ್ಯವನ್ನು ಬಯಸುವ ನಾವು ಮೊದಲು ನಮ್ಮ ಸಾವಧಾನವನ್ನು ಆತನಿಗೆ ಕೊಡೋಣ.