ಪ್ಲೇಟ್‌ಲೆಟ್: ಎಣಿಕೆ ಸರಿ, ನಡತೆ ಹೇಗೆ?



ಪ್ಲೇಟ್‌ಲೆಟ್ ಅನ್ನೋ ಪದ ನಮ್ಮ ಮನೆಗಳಿಗೆ ಬಂದಿದ್ದೇ ಡೆಂಗ್ಯೂ ಜ್ವರದ ಜೊತೆ. ಮಳೆಗಾಲ ಬಂತು ಅಂದ್ರೆ ನಾವು ಬ್ರೇಕಿಂಗ್ ನ್ಯೂಸ್ ಹಾಕ್ತೀವಿ, ನೀವು ಪಪ್ಪಾಯ ಎಲೆ ಹುಡುಕ್ತೀರಿ. ಎಲ್ಲರ ಪ್ರಶ್ನೆ ಒಂದೇ, ಕೌಂಟ್ ಎಷ್ಟು? ಒಂದೂವರೆ ಲಕ್ಷದ ಮೇಲಿದ್ರೆ ನೆಮ್ಮದಿ. ಆದರೆ ಶುಗರ್ ಇರುವವರಲ್ಲಿ ಕೌಂಟ್ ಸರಿಯಾಗಿದ್ದರೂ ಪ್ಲೇಟ್‌ಲೆಟ್‌ನ ನಡತೆ ಕೆಟ್ಟಿರಬಹುದು. ಇವತ್ತಿನ ಮಾತು ಅದರ ಬಗ್ಗೆ.

ನಮ್ಮಪ್ಪನಿಗೆ 14 ವರ್ಷದಿಂದ ಶುಗರ್ ಇದೆ. ಕಳೆದ ವರ್ಷ ಯಾರನ್ನೂ ಕೇಳದೆ ದಿನಕ್ಕೊಂದು ಆಸ್ಪಿರಿನ್ ನುಂಗೋಕೆ ಶುರು ಮಾಡಿದ್ರು. ಮೂರು ತಿಂಗಳಿಗೆ ಮಲ ಡಾಂಬರಿನ ಹಾಗೆ ಕಪ್ಪಾಯಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಡಿಸಿದೆವು. ಯಾಕಪ್ಪಾ ತಗೊಂಡೆ ಅಂದ್ರೆ, "ರಕ್ತ ತೆಳ್ಳಗಾಗುತ್ತೆ, ಹಾರ್ಟ್‌ಗೆ ಒಳ್ಳೇದು ಅಂತ ಟಿವೀಲಿ ಹೇಳಿದ್ರಲ್ಲ ಮಗಾ" ಅಂದ್ರು. ಯಾವ ಟಿವಿ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಅಪ್ಪನ ಭಯ ಸುಳ್ಳಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಅದೇ ಭಾಷೆಯಲ್ಲಿ ಹೇಳ್ತೀನಿ. ಪ್ಲೇಟ್‌ಲೆಟ್‌ಗಳು ಪೈಪಿನಲ್ಲಿ ಓಡಾಡೋ ರಿಪೇರಿ ಸಿಬ್ಬಂದಿ. ಎಲ್ಲಿ ತೂತಾಯಿತೋ ಅಲ್ಲಿ ಅಂಟಿಕೊಂಡು ಸೋರಿಕೆ ನಿಲ್ಲಿಸ್ತವೆ. ಸುಮ್ಮನಿರಬೇಕಾದಾಗ ಸುಮ್ಮನಿರಿ ಅಂತ ರಕ್ತನಾಳದ ಒಳಪದರ ಹೇಳುತ್ತೆ, ಇನ್ಸುಲಿನ್ನೂ ಹೇಳುತ್ತೆ. ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ಮಾತು ನಡೆಯಲ್ಲ, ಒಳಪದರವೂ ಸೊರಗಿರುತ್ತೆ. ಜಾಸ್ತಿ ಸಕ್ಕರೆ ಪ್ಲೇಟ್‌ಲೆಟ್‌ನ ಮೈಗೇ ಮೆತ್ತಿಕೊಳ್ಳುತ್ತೆ. ಆಗ ಸಣ್ಣ ನೆಪ ಸಿಕ್ಕರೂ ಸಾಕು, ಗುಂಪು ಕಟ್ತವೆ. ಕೊಬ್ಬು ಕಟ್ಟಿದ ಹೃದಯದ ರಕ್ತನಾಳದಲ್ಲಿ ಹೀಗಾದ್ರೆ ಹಾರ್ಟ್ ಅಟ್ಯಾಕ್.

ಹಾಗಾದ್ರೆ ಆಸ್ಪಿರಿನ್? ಅದು ರಕ್ತಕ್ಕೆ ನೀರು ಬೆರೆಸಲ್ಲ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯೋಕೆ ಬಳಸೋ ರಾಸಾಯನಿಕ ತಯಾರಾಗದಂತೆ ತಡೆಯುತ್ತೆ. ಆಸ್ಪಿರಿನ್ ಕೆಲಸ ಮಾಡುವ ಬಗೆಯನ್ನ 1971ರಲ್ಲಿ ತೋರಿಸಿದ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು. ಪ್ಲೇಟ್‌ಲೆಟ್ ಬದುಕೋದೇ ಏಳರಿಂದ ಹತ್ತು ದಿನ. ಒಮ್ಮೆ ಬಾಯಿ ಕಟ್ಟಿದ್ರೆ ಸಾಯೋವರೆಗೂ ಅದು ಮೂಕ. ಆದರೆ ಶುಗರ್ ಇರುವವರ ದೇಹದಲ್ಲಿ ಹೊಸ ಪ್ಲೇಟ್‌ಲೆಟ್‌ಗಳು ಬೇಗ ಬೇಗ ಹುಟ್ತವೆ. ಹೀಗಾಗಿ ಕೆಲವರಲ್ಲಿ ಮಾತ್ರೆಯ ಪ್ರಭಾವ ದಿನ ಮುಗಿಯೋ ಮೊದಲೇ ಇಳಿಯುತ್ತೆ.

ಇನ್ನು ಲೆಕ್ಕ. ಬ್ರಿಟನ್ನಿನ ಅಸೆಂಡ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಡಯಾಬಿಟಿಸ್ ಇದ್ದು ಹೃದ್ರೋಗ ಇನ್ನೂ ಬಾರದ 15,480 ಜನ, ಸರಾಸರಿ ಏಳು ವರ್ಷ. ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಘಟನೆಗಳು ಶೇ. 9.6ರಿಂದ 8.5ಕ್ಕೆ ಇಳಿದವು. ದೊಡ್ಡ ರಕ್ತಸ್ರಾವ ಶೇ. 3.2ರಿಂದ 4.1ಕ್ಕೆ ಏರಿತು. ಅಂದ್ರೆ ಸಾವಿರ ಜನರಲ್ಲಿ ಹನ್ನೊಂದು ಮಂದಿಗೆ ಲಾಭ, ಒಂಬತ್ತು ಮಂದಿಗೆ ನಮ್ಮಪ್ಪನ ಗತಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ಈ ಕಾರ್ಯಕ್ರಮ ನೋಡಿ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಶುರು ಮಾಡೋದೂ, ನಿಲ್ಲಿಸೋದೂ ಡಾಕ್ಟರ್ ಹೇಳಿದ ಮೇಲೆ.

ಐಸಿಎಂಆರ್ 2023ರ ಅಂದಾಜಿನಂತೆ ಈ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ. ಶುಗರ್ ಜೊತೆ ಬಿಪಿ, ಕೊಲೆಸ್ಟ್ರಾಲ್ ಹಿಡಿತದಲ್ಲಿಡಿ, ಬೀಡಿ ಸಿಗರೇಟು ಬಿಡಿ. ಇನ್ನೊಂದು, ಶುಗರ್‌ನಿಂದ ನರ ಸೊರಗಿದವರಿಗೆ ಹಾರ್ಟ್ ಅಟ್ಯಾಕ್‌ನಲ್ಲಿ ಎದೆನೋವೇ ಬಾರದಿರಬಹುದು. ಬರೀ ಬೆವರು, ಉಬ್ಬಸ, ವಿಪರೀತ ಸುಸ್ತು. "ಗ್ಯಾಸ್ ಇರ್ಬೇಕು ಬಿಡು" ಅಂತ ಸೋಡಾ ಕುಡಿದು ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಅಪ್ಪ ಈಗ ಹುಷಾರಾಗಿದ್ದಾರೆ. ಈಗಲೂ ಟಿವಿ ಮುಂದೆಯೇ ಕೂತಿದ್ದಾರೆ. ಅಪ್ಪಾ, ನಾವು ಹೇಳೋ ಸುದ್ದಿ ಕೇಳು, ಔಷಧಿ ಚೀಟಿ ಮಾತ್ರ ಡಾಕ್ಟರ್ ಬರೀಲಿ.